ಆ ಸುಗಿ ಹಲಗೆಗೆ ಈ ಭಾನುವಾರ ಮೊಳೆ ಹೊಡೆಯಬೇಡಿ

ಯೊಕೊಹಾಮಾದ ಗೆಳೆಯರೇ, ಮೊದಲು ಸುತ್ತಿಗೆ ಕೆಳಗಿಡಿ. ಇಲ್ಲಿ ನೀವು ಹಾಕಿದ ಫೋಟೊ ನೋಡಿ ಎದೆ ಧಸಕ್ ಅಂದಿತು. ಶುಕ್ರವಾರ ಸುಗಿಯ, ಅಂದರೆ ಜಪಾನಿ ಸೀಡರ್ ಅನ್ನುವ ಮೆತ್ತನೆ ಮರದ, 15 ಮಿ.ಮೀ. ದಪ್ಪದ ನೊಜಿಇತಾ ಹಲಗೆಗಳ ಕಟ್ಟು ತಂದಿದ್ದೀರಿ. ಶನಿವಾರ ಒಂದೇ ಮೈ ಕೀಸಿ 12ಕ್ಕೆ ಇಳಿಸಿದ್ದೀರಿ. ಈಗ ಅವು ಗೋಡೆಗೆ ಒರಗಿವೆ, ನೇರ ಮೇಲೆ ಎಸಿಯ ಬಿಸಿಗಾಳಿ. ನಾಳೆ ದೋಗುಬಾಕೊ, ಅಂದರೆ ಉಪಕರಣ ಇಡುವ ಮರದ ಪೆಟ್ಟಿಗೆ, ಜೋಡಿಸಿ ಮುಗಿಸ್ತೇನೆ ಅಂತ ಬರೆದಿದ್ದೀರಿ. ನಗೋಯಾದಲ್ಲಿ ನನ್ನ ಮೊದಲ ಚಳಿಗಾಲದಲ್ಲಿ ನಾನೂ ಇದನ್ನೇ ಮಾಡಿದ್ದೆ.

ನೊಜಿಇತಾ ಅಂದರೆ ಸೂರಿನ ಹೊದಿಕೆಯ ಕೆಳಗೆ ಹೊಡೆಯುವ ಹಲಗೆ. ಎಷ್ಟೋ ಸಲ ಅದನ್ನು ಒಣಗಿಸದೇ ಮಾರುತ್ತಾರೆ, ಅಗ್ಗ ಇರುವುದು ಅದಕ್ಕೇ. ಹಲಗೆಯನ್ನು ಕೆನ್ನೆಗೆ ಒತ್ತಿಕೊಳ್ಳಿ. ತಣ್ಣಗೆ ತಾಗಿದರೆ ಒಳಗೆ ಇನ್ನೂ ನೀರಿದೆ. ನಾನು ಇದನ್ನು ನೋಡಲೇ ಇಲ್ಲ. ಅಡಿಹಲಗೆಯ ಎರಡೂ ಅಂಚಿಗೆ ಸಾಲಾಗಿ ಮೊಳೆ ಹೊಡೆದೆ. ಹತ್ತನೇ ದಿನ ರಾತ್ರಿ ಟಕ್ ಅಂತ ಸದ್ದು. ಎದ್ದು ನೋಡಿದರೆ ಮೂರನೇ ಮೊಳೆಯಿಂದ ತುದಿಯವರೆಗೆ ಸೀಳು. 10 ಯೆನ್ ನಾಣ್ಯವನ್ನು ಅಡ್ಡಡ್ಡ ಹಿಡಿದರೆ ಸಲೀಸಾಗಿ ಒಳಗೆ ಹೋಗುತ್ತಿತ್ತು, ಅಂದರೆ ಒಂದೂವರೆ ಮಿ.ಮೀ. ಹಲಗೆ ಅಗಲದಲ್ಲಿ ಕುಗ್ಗಬೇಕು, ಮೊಳೆ ಬಿಡುವುದಿಲ್ಲ. ಇನ್ನೇನಾಗುತ್ತದೆ?

ಹಾಗಾಗಿ ನನ್ನ ಪದ್ಧತಿ ಹೇಳ್ತೇನೆ. ತೇವ ಅಳೆಯುವ ಮೀಟರ್ ಬೇಡ. ಅಗ್ಗದ ಮೀಟರ್‌ಗಳನ್ನು ನಾನು ನಂಬುವುದಿಲ್ಲ, ಎರಡು ಕಡೆ ಚುಚ್ಚಿದರೆ ಎರಡು ಲೆಕ್ಕ ಕೊಡುತ್ತವೆ. ಅಡುಗೆಮನೆಯ ತಕ್ಕಡಿ ಸಾಕು. ಬೇಕಾದ ಉದ್ದಕ್ಕಿಂತ 30 ಮಿ.ಮೀ. ಜಾಸ್ತಿ ಬಿಟ್ಟು ಕತ್ತರಿಸಿ. ತೂಕ ಮಾಡಿ, ತಾರೀಖಿನ ಜೊತೆ ಹಲಗೆಯ ಮೇಲೆಯೇ ಪೆನ್ಸಿಲ್‌ನಲ್ಲಿ ಬರೆಯಿರಿ. ಮೂರು ದಿನಕ್ಕೊಮ್ಮೆ ಹೀಗೆ ಮಾಡಿ. ನನ್ನ ಎರಡನೇ ಪೆಟ್ಟಿಗೆಯ ಒಂದು ಹಲಗೆ 910 ಮಿ.ಮೀ. ಉದ್ದ, 180 ಅಗಲ ಇತ್ತು. ತಂದ ದಿನ 1,420 ಗ್ರಾಂ. ಮೂರನೇ ದಿನ 1,260. ಮೂರನೇ ವಾರ 1,010. ಆಮೇಲೆ 1,005ಕ್ಕೆ ಬಂದು ನಿಂತುಬಿಟ್ಟಿತು. ತೂಕ ನಿಂತ ಮೇಲೆಯೇ ಕೀಸುಳಿ ಮುಟ್ಟಿದೆ. ಸುಮಾರು ನಾನೂರು ಗ್ರಾಂ ನೀರು ಒಂದೇ ಹಲಗೆಯಿಂದ ಹೋಯಿತು ನೋಡಿ!

ಒಣಗಲು ಇಡುವಾಗ ಒರಗಿಸಬೇಡಿ, ಅಡ್ಡ ಮಲಗಿಸಿ. ನಡುವೆ 15 ಮಿ.ಮೀ. ಚೌಕದ ಕಡ್ಡಿಗಳು, ಒಂದು ಶಾಕುಗೆ ಒಂದು, ಅಂದರೆ 303 ಮಿ.ಮೀ.ಗೆ. ಕಡ್ಡಿಗಳು ಒಂದರ ಮೇಲೊಂದು ನೇರ ಸಾಲಿನಲ್ಲಿರಬೇಕು, ಇಲ್ಲದಿದ್ದರೆ ಹಲಗೆ ಅಲೆ ಅಲೆಯಾಗುತ್ತದೆ. ಮೇಲೆ ಭಾರ ಹೇರಿ. ತುದಿಗಳಿಗೆ ಮೇಣದಬತ್ತಿ ಉಜ್ಜಿ, ಇಲ್ಲವೇ ಅಂಟು ಸವರಿ. ಎಸಿ ಗಾಳಿಯಿಂದ ದೂರ ಇಡಿ. ನೀವು ಕೀಸಿದ್ದು ಕೀಸಿ ಆಯಿತು, ಅವನ್ನೂ ಹೀಗೇ ಇಡಿ. ಬಾಗಿದವು ಮುಚ್ಚಳದ ಪಟ್ಟಿಗಳಿಗೆ ಆಗುತ್ತವೆ.

ಕೀಸುವುದೂ ಎರಡು ಕಂತಿನಲ್ಲಿ. ಮೊದಲು ಎರಡೂ ಮೈಯಿಂದ ಸಮ, ಸುಮಾರು ಒಂದೊಂದು ಮಿ.ಮೀ. ನಾಲ್ಕೈದು ದಿನ ಮತ್ತೆ ಕಡ್ಡಿಯ ಮೇಲೆ ಬಿಡಿ. ಆಮೇಲೆ ಕೊನೆಯ ಕೈ. ಒಂದೇ ಬದಿ ತೆಗೆದರೆ ಒಳಗಿನ ಹಸಿ ಭಾಗ ಹೊರಬಿದ್ದು ಆ ಬದಿ ಬೇಗ ಒಣಗುತ್ತದೆ, ಹಲಗೆ ಅತ್ತ ಬಾಗುತ್ತದೆ. ಇನ್ನೊಂದು ಮಾತು, ಇಷ್ಟು ತೆಳು ಹಲಗೆ ಕೀಸುಳಿಯ ಒತ್ತಡಕ್ಕೆ ಚಪ್ಪಟೆಯಾಗಿ ಮೋಸ ಮಾಡುತ್ತದೆ. ಕೈ ತೆಗೆದ ತಕ್ಷಣ ಮತ್ತೆ ಸೊಟ್ಟ. ಎತ್ತರ ಇರುವ ಮೂಲೆಗಳ ಕೆಳಗೆ ಕಾಗದ ಮಡಚಿ ಇಟ್ಟು, ಅಲ್ಲಾಡದಂತೆ ಮಾಡಿಕೊಂಡು ಕೀಸಿ. ಹಲಗೆ ತಿರುಚಿದೆಯೇ ಅಂತ ನೋಡಲು ಎರಡು ಅಲ್ಯೂಮಿನಿಯಂ ಆಂಗಲ್ ತುಂಡು ಸಾಕು, ಎರಡು ತುದಿಗೆ ಅಡ್ಡ ಇಟ್ಟು ಒಂದರ ಮೇಲಿಂದ ಇನ್ನೊಂದನ್ನು ನೋಡಿ.

ಯಾವ ಕಡೆಯಿಂದ ಕೀಸಬೇಕು ಅಂತ ಇಲ್ಲಿ ಯಾರೂ ಹೇಳಿಲ್ಲ. ಹಲಗೆಯ ಕತ್ತರಿಸಿದ ತುದಿಯಲ್ಲಿ ಮರದ ವರ್ಷದ ಬಳೆಗಳನ್ನು ನೋಡಿ. ಸಿಪ್ಪೆಯ ಕಡೆಯ ಮೈ ಕಿಒಮೋತೆ, ತಿರುಳಿನ ಕಡೆಯದು ಕಿಉರಾ. ಕಿಒಮೋತೆಯನ್ನು ಮರದ ತುದಿಯಿಂದ ಬುಡದ ಕಡೆಗೆ, ಕಿಉರಾವನ್ನು ಬುಡದಿಂದ ತುದಿಗೆ ಕೀಸಬೇಕು. ಮರದ ತುದಿ ಯಾವ ಕಡೆ ಅಂತ ಗೊತ್ತಾಗದಿದ್ದರೆ ಮೈಮೇಲಿನ ಗೋಪುರದಂಥ ಗೆರೆ ನೋಡಿ, ಚೂಪು ಇರುವ ಕಡೆ ತುದಿ. ಉಲ್ಟಾ ಕೀಸಿದರೆ ನಾರು ಎದ್ದು ಬರುತ್ತದೆ. ಒಣಗುವಾಗ ಹಲಗೆ ಸಿಪ್ಪೆಯ ಕಡೆಗೆ ಬಟ್ಟಲಾಗುತ್ತದೆ ಅನ್ನುವುದನ್ನೂ ನೆನಪಿಡಿ.

80ನೇ ನಂಬರ್ ಸ್ಯಾಂಡ್‌ಪೇಪರ್ ಹಾಕ್ತೇನೆ ಅಂದಿದ್ದೀರಿ. ದಯವಿಟ್ಟು ಬೇಡ. ಸುಗಿಯಲ್ಲಿ ಬೇಸಿಗೆಯಲ್ಲಿ ಬೆಳೆದ ಗೆರೆ ಗಟ್ಟಿ, ವಸಂತದಲ್ಲಿ ಬೆಳೆದದ್ದು ಮೆತ್ತಗೆ. ಪೇಪರ್ ಮೆತ್ತಗಿನದ್ದನ್ನು ಮಾತ್ರ ತಿನ್ನುತ್ತದೆ, ಮೈ ಏರಿಳಿತವಾಗುತ್ತದೆ. ಮೊಂಡು ಅಲಗು ಮೆತ್ತಗಿನ ಗೆರೆಯನ್ನು ಜಜ್ಜುತ್ತದೆ. ಅಲಗನ್ನು ಕಿಂಗ್ 1000 ಸಾಣೆಕಲ್ಲಿಗೆ, ಆಮೇಲೆ 6000ಕ್ಕೆ ಹಿಡಿಯಿರಿ. ಮೆತ್ತನೆ ಮರಕ್ಕೇ ಜಾಸ್ತಿ ಹರಿತ ಬೇಕು, ಇದನ್ನು ಎಷ್ಟು ಸಲ ಹೇಳಿದರೂ ಜನ ಕೇಳುವುದಿಲ್ಲ. ಗರಗಸಕ್ಕೆ ಝಡ್ ಸಾ 265 ಚೆನ್ನಾಗಿದೆ. ಹಲ್ಲು ಮೊಂಡಾದರೆ ಸಾಣೆ ಹಿಡಿಯಲಾಗುವುದಿಲ್ಲ, ಅಲಗು ಬದಲಿಸಬೇಕು ಅಷ್ಟೇ. ಉದ್ದಕ್ಕೆ ಸೀಳಲು ಮಾತ್ರ ರಿಯೋಬಾ, ಅಂದರೆ ಎರಡೂ ಅಂಚಿಗೆ ಹಲ್ಲಿರುವ ಗರಗಸ, ಬಳಸಿ.

ಕೊನೆಯ ಪಟ್ಟು ಮುಚ್ಚಳದ್ದು. ನನ್ನ ಎರಡನೇ ಪೆಟ್ಟಿಗೆ ಫೆಬ್ರವರಿಯಲ್ಲಿ ಆಯಿತು. 240 ಮಿ.ಮೀ. ಮುಚ್ಚಳಕ್ಕೆ ಒಟ್ಟು ಅರ್ಧ ಮಿ.ಮೀ. ಸಂದು ಬಿಟ್ಟೆ. ಎಷ್ಟು ಬಿಗಿ, ಎಷ್ಟು ಚಂದ ಅನಿಸಿತ್ತು. ಜೂನ್‌ನಲ್ಲಿ ತ್ಸುಯು ಮಳೆ ಶುರುವಾಯಿತು, ಮುಚ್ಚಳ ಅಗಲವಾಗಿ ಎರಡು ಪಕ್ಕಗಳ ನಡುವೆ ಕಚ್ಚಿಕೊಂಡಿತು. ಉಳಿಗಳೆಲ್ಲ ಒಳಗೆ. ಪಕ್ಕದ ಹಲಗೆಯ ಮೊಳೆ ಕೀಳಬೇಕಾಯಿತು. ಚಳಿಗಾಲದಲ್ಲಿ ಮಾಡಿದರೆ ಒಟ್ಟು 3 ಮಿ.ಮೀ. ಬಿಡಿ, ಮಳೆಗಾಲದಲ್ಲಾದರೆ 1 ಸಾಕು. ಹಾಗೆಯೇ ಅಡ್ಡ ತುದಿಯ ಹಲಗೆಗಳ ನಾರು ಅಡ್ಡಕ್ಕೇ ಇರಲಿ. ನಾರು ನೆಟ್ಟಗೆ ನಿಂತಿದ್ದರೆ ಪಕ್ಕದ ಹಲಗೆ ಕುಗ್ಗುವಾಗ ಅದು ಜೊತೆಗೆ ಕುಗ್ಗುವುದಿಲ್ಲ. ಮೊಳೆಗೆ ಮೊದಲು ಕಿರಿ ಅನ್ನುವ ಜಪಾನಿ ಕೈಬೈರಿಗೆಯಿಂದ ತೂತು ಮಾಡಿ. ತುದಿಗಳ ಹತ್ತಿರ ಇದನ್ನು ಬಿಡಲೇಬೇಡಿ.

ಕೊಡಗು, ಚಿಕ್ಕಮಗಳೂರು ಕಡೆಯವರು ಕಾಫಿ ತೋಟದ ಸಿಲ್ವರ್ ಓಕ್‌ನಲ್ಲಿ ಮಾಡಬಹುದೇ ಅಂತ ಕೆಳಗೆ ಕೇಳಿದ್ದೀರಿ. ಧಾರಾಳವಾಗಿ. ಆದರೆ ಸಾಮಿಲ್ಲಿನಿಂದ ನೇರ ತಂದದ್ದಕ್ಕೆ ಇದೇ ತಕ್ಕಡಿ, ಇದೇ ಕಡ್ಡಿ. ಜನವರಿಯಿಂದ ಮಾರ್ಚ್ ಒಳಗೆ ಒಣಗಿಸಿ ಕೀಸಿಕೊಳ್ಳಿ. ಅದರಲ್ಲಿ ಅಗಲ ಚುಕ್ಕೆ ಕಾಣುವ ಮೈ ಬೇಗ ಕಿತ್ತು ಬರುತ್ತದೆ, ಕೂದಲೆಳೆಯಷ್ಟೇ ಅಲಗು ಇಳಿಸಿ.

ಯೊಕೊಹಾಮಾದವರು ನಾಳೆ ಬೆಳಿಗ್ಗೆ ಒಂದೊಂದು ಹಲಗೆಯ ತೂಕ ಬರೆದು ಫೋಟೊ ಹಾಕಿ. ಬುಧವಾರ ಇನ್ನೊಮ್ಮೆ. ಎಷ್ಟು ದಿನ ಕಾಯಬೇಕು ಅನ್ನುವುದನ್ನು ಅದನ್ನು ನೋಡಿ ಹೇಳ್ತೇನೆ.