ಗಂಡ ಹೊಡೆಯುತ್ತಾನೆ, ಕೈಯಲ್ಲಿ ಕಾಸಿಲ್ಲ. ದುಡ್ಡು ಕೂಡಿಟ್ಟುಕೊಂಡು ಆಮೇಲೆ ಹೊರಗೆ ಬರಲಾ?

ದುಡ್ಡಿಗಾಗಿ ಕಾಯಬೇಡಿ. ಒಂದಿಷ್ಟು ಕೂಡಿಟ್ಟು, ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಹೊರಡೋಣ ಅಂತ ಬರೆದಿದ್ದೀರಲ್ಲ, ಅದೇ ಲೆಕ್ಕ ನನ್ನ ತಲೆಯಲ್ಲೂ ವರ್ಷಗಟ್ಟಲೆ ಓಡುತ್ತಿತ್ತು. ಆದರೆ ಆ ಮನೆಯಲ್ಲಿ ಇರುವಷ್ಟು ಕಾಲ ನಮ್ಮ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ನಿಲ್ಲೋಕೆ ಬಿಡುವುದೂ ಇಲ್ಲ.

ನನ್ನದು ಮಂಡ್ಯ ಕಡೆಯ ಹಳ್ಳಿ. ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. ಬೆಳಿಗ್ಗೆ ಫ್ಯಾಕ್ಟರಿ ವ್ಯಾನ್ ಹತ್ತಿದರೆ ಮನೆ ಸೇರುವುದು ಕತ್ತಲಾದ ಮೇಲೆ. ಸಂಬಳ ನನ್ನ ಹೆಸರಿನ ಖಾತೆಗೇ ಬರುತ್ತಿತ್ತು. ಆದರೆ ಆ ಖಾತೆಗೆ ಕೊಟ್ಟಿದ್ದ ಮೊಬೈಲ್ ನಂಬರ್ ಗಂಡನದು. ಎಟಿಎಂ ಕಾರ್ಡ್ ಅವನ ಪರ್ಸಿನಲ್ಲಿ. ನಾನು ಮಿಷಿನ್ ಮುಂದೆ ಕಾಲರ್ ಹೊಲಿಯುತ್ತಾ ಕೂತಿರುವಾಗ ಸಂಬಳ ಬಂದ ಮೆಸೇಜ್ ಅವನಿಗೆ ಹೋಗುತ್ತಿತ್ತು. ವ್ಯಾನ್ ಇಳಿಯುವಷ್ಟರಲ್ಲಿ ಖಾತೆ ಖಾಲಿ. ಮಗಳ ಸ್ಕೂಲಿಗೆ ನೋಟ್‌ಬುಕ್ ಬೇಕು ಅಂದರೂ ಅವನ ಹತ್ತಿರ ಕೈ ಚಾಚಬೇಕು. ಕೇಳಿದ ಹೊತ್ತು ಸರಿ ಇಲ್ಲದಿದ್ದರೆ ಏಟು.

ಸಾಲದ ಕತೆಯೂ ಅಷ್ಟೇ. ಫೈನಾನ್ಸ್‌ನವರು ಹೆಂಗಸರ ಗುಂಪು ಮಾಡಿ ಸಾಲ ಕೊಡುತ್ತಾರಲ್ಲ, ಅದರಲ್ಲಿ ನನ್ನ ಸಹಿ, ನನ್ನ ಆಧಾರ್, ನನ್ನ ಫೋಟೋ. ದುಡ್ಡು ಮಾತ್ರ ಅವನ ಬೈಕಿಗೆ, ಅವನ ಕುಡಿತಕ್ಕೆ. ಕಂತಿನ ದಿನ ಗುಂಪಿನ ಹೆಂಗಸರೆಲ್ಲ ಜಗಲಿ ಮೇಲೆ ಬಂದು ಕೂತುಬಿಡುತ್ತಿದ್ದರು. ಅವರದೂ ತಪ್ಪಲ್ಲ, ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕು. ಆ ಸಾಲ ತೀರಲಿ, ಆಮೇಲೆ ಹೋಗೋಣ ಅಂದುಕೊಂಡೆ. ತೀರುವ ಮೊದಲೇ ಇನ್ನೊಂದಕ್ಕೆ ಸಹಿ ಹಾಕಿಸಿದ. ನಿಮ್ಮ ಹೆಸರಲ್ಲಿ ಸಾಲ ಇದೆಯೋ ಇಲ್ಲವೋ ನೀವು ಬರೆದಿಲ್ಲ. ಇಲ್ಲದಿದ್ದರೆ ಇನ್ನು ಮುಂದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಈಗ ನಾನು ಎಡವಿದ ಜಾಗ ಹೇಳುತ್ತೇನೆ. ಇದನ್ನು ನಿಧಾನವಾಗಿ ಓದಿ.

ಒಂದು ರಾತ್ರಿ ಅವನು ಕೈ ತಿರುಚಿ ಗೋಡೆಗೆ ಒತ್ತಿದ. ಎಡಗೈ ಮುಂಗೈ ಮೂಳೆ ಮುರಿಯಿತು. ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಹೋದೆವು. ನನ್ನ ಪಕ್ಕದಲ್ಲಿ ಅತ್ತೆ, ಅವರ ಸೊಂಟದ ಮೇಲೆ ನನ್ನ ಮಗ. ಡಾಕ್ಟರಮ್ಮ ಕೈ ನೋಡಿದರು, ಕತ್ತಿನ ಹತ್ತಿರ ಇದ್ದ ಬೆರಳ ಗುರುತು ನೋಡಿದರು, "ಹೇಗಾಯ್ತು?" ಅಂದರು. "ಬಚ್ಚಲಲ್ಲಿ ಜಾರಿ ಬಿದ್ದೆ" ಅಂದೆ. ಅವರು ಪೆನ್ನು ಎತ್ತಿಕೊಂಡು, ಬರೆಯದೆ, ಇನ್ನೊಂದು ಸಲ ಕೇಳಿದರು. "ನಿಜವಾಗಿಯೂ ಬಿದ್ದದ್ದಾ?" ಹೌದು ಅಂದೆ. ಚೀಟಿಯಲ್ಲಿ ಹಾಗೇ ಬರೆದರು.

ಯಾಕೆ ಹಾಗೆ ಹೇಳಿದೆ? ಅತ್ತೆ ಪಕ್ಕದಲ್ಲಿದ್ದರು ಅನ್ನುವುದು ಒಂದು. ಪೊಲೀಸ್ ಕೇಸ್ ಆದರೆ ಅವತ್ತು ರಾತ್ರಿ ಎಲ್ಲಿ ಮಲಗುವುದು ಅನ್ನುವ ಭಯ ಇನ್ನೊಂದು. ಆದರೆ ದೊಡ್ಡ ಕಾರಣ ಬೇರೆ. ಆಸ್ಪತ್ರೆ ಚೀಟಿ ಅಂದರೆ ಮಾತ್ರೆ ತಗೊಳ್ಳೋಕೆ ಕೊಡುವ ಕಾಗದ, ಅಷ್ಟೇ ಅಂತ ನಂಬಿದ್ದೆ. ಡಾಕ್ಟರ್ ಹತ್ತಿರ ನಾನು ಆಡಿದ ಮಾತು ಮುಂದೆ ಕೋರ್ಟಿನಲ್ಲಿ ನನ್ನ ಎದುರೇ ನಿಲ್ಲುತ್ತದೆ ಅಂತ ಯಾರೂ ಹೇಳಿರಲಿಲ್ಲ. ಹೊಡೆದದ್ದು ಅಂತ ಹೇಳಿದ್ದರೆ ಅವರು ಎಂಎಲ್‌ಸಿ ಮಾಡುತ್ತಿದ್ದರು. ಅಂದರೆ ಗಾಯ ಎಲ್ಲಿ, ಎಷ್ಟು ದೊಡ್ಡದು, ಯಾವುದರಿಂದ ಆಗಿದ್ದು, ಯಾರು ಮಾಡಿದರು ಅಂತ ನಾನು ಹೇಳಿದ್ದು, ಎಲ್ಲ ಆ ದಿನದ ತಾರೀಖಿನಲ್ಲಿ ಸರ್ಕಾರಿ ಪುಸ್ತಕಕ್ಕೆ ಹೋಗುತ್ತಿತ್ತು. ಆಮೇಲೆ ಬೇಕಾದಾಗ ಗಾಯದ ಸರ್ಟಿಫಿಕೇಟ್ ಸಿಗುತ್ತಿತ್ತು. ಕತ್ತಿನ ಮೇಲಿನ ಗುರುತು ವಾರದಲ್ಲಿ ಮಾಯವಾಯಿತು. ಬರೆದಿದ್ದರೆ ಅದು ಇವತ್ತಿಗೂ ಇರುತ್ತಿತ್ತು.

ಕೊನೆಗೂ ಹೊರಗೆ ಬಂದು ಕೇಸ್ ಹಾಕಿದಾಗ ಪಾಟಿ ಸವಾಲಿನಲ್ಲಿ ಅವನ ವಕೀಲರು ಆ ಚೀಟಿಯನ್ನೇ ತೆಗೆದರು. "ಬಚ್ಚಲಲ್ಲಿ ಬಿದ್ದೆ ಅಂತ ಡಾಕ್ಟರ ಮುಂದೆ ಹೇಳಿದವರು ನೀವೇ ಅಲ್ವಾ?" ಹೌದು ಅನ್ನಲೇಬೇಕಾಯಿತು. "ಹಾಗಾದರೆ ಆವತ್ತು ಹೇಳಿದ್ದು ಸುಳ್ಳೋ, ಇವತ್ತು ಹೇಳುತ್ತಿರುವುದು ಸುಳ್ಳೋ?" ನಾನು ವಿವರಿಸಲು ಹೋದೆ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಅಂದರು. ಮೂಳೆ ಮುರಿದದ್ದಕ್ಕೆ ಹಾಕಿದ್ದ ಕ್ರಿಮಿನಲ್ ಕೇಸ್ ಅಲ್ಲಿಗೇ ಬಿದ್ದುಹೋಯಿತು. ಆ ಕೈ ಇವತ್ತಿಗೂ ಪೂರ್ತಿ ತಿರುಗುವುದಿಲ್ಲ. ಕಾಲರ್ ಕೂರಿಸುವ ಕೆಲಸ ಬಿಟ್ಟು ಕಡಿಮೆ ಸಂಬಳದ ಚೆಕಿಂಗ್‌ಗೆ ಹೋದೆ.

ಅದಕ್ಕೇ ಹೇಳುವುದು, ದುಡ್ಡಲ್ಲ, ಮೊದಲು ದಾಖಲೆ ಕೂಡಿಡಿ. ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ ನಿಜ ಹೇಳಿ. ಪಕ್ಕದಲ್ಲಿ ಅವರ ಕಡೆಯವರಿದ್ದರೆ ಡಾಕ್ಟರ ಹತ್ತಿರ ಒಬ್ಬಳೇ ಮಾತಾಡಬೇಕು ಅನ್ನಿ. ಗಾಯದ ಫೋಟೋ ತೆಗೆದು ನಂಬಿಕಸ್ಥರಿಗೆ ಕಳಿಸಿ, ನಿಮ್ಮ ಫೋನಿನಿಂದ ಅಳಿಸಿಬಿಡಿ. ಆಧಾರ್, ಮಕ್ಕಳ ಜನನ ಪತ್ರ, ಮದುವೆ ಫೋಟೋ, ಪಾಸ್‌ಬುಕ್ ಇವುಗಳ ಜೆರಾಕ್ಸ್ ಮನೆಯಿಂದ ಹೊರಗೆ ಎಲ್ಲಾದರೂ ಇರಲಿ.

ಇನ್ನೊಂದು ಮಾತು. ಬಿಟ್ಟು ಬರುವುದು ಇಲ್ಲಾ ಸಹಿಸುವುದು, ಎರಡೇ ದಾರಿ ಅಂತ ನೀವು ಕೇಳಿದ್ದೀರಿ. ನಾನು ಒಪ್ಪುವುದಿಲ್ಲ. ಮನೆ ಬಿಡಬೇಕಾದವಳು ನೀವೇ ಅಂತ ಯಾರು ಹೇಳಿದ್ದು? ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರಲ್ಲೇ ಬಂದಿದೆ. ಆ ಮನೆ ನಿಮ್ಮ ಹೆಸರಲ್ಲಿ ಇಲ್ಲದಿದ್ದರೂ ಅಲ್ಲಿ ವಾಸ ಮಾಡುವ ಹಕ್ಕು ನಿಮಗಿದೆ. ಬೇಕಾದರೆ ಗಂಡನನ್ನೇ ಹೊರಗೆ ಹೋಗು ಅನ್ನುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. "ಮನೆ ಮಾವನ ಹೆಸರಲ್ಲಿದೆ, ಸೊಸೆಗೇನು ಹಕ್ಕು" ಅಂತ ನನಗೂ ಹೆದರಿಸಿದ್ದರು. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಗಂಡನ ಜೊತೆ ಬಾಳಿದ ಮನೆ ಅತ್ತೆ ಮಾವನದಾದರೂ ಸೊಸೆ ಅಲ್ಲಿ ಇರಲು ಕೇಳಬಹುದು ಅಂತ ಹೇಳಿತು. ಸಂಬಳ ಕಿತ್ತುಕೊಳ್ಳುವುದು, ಖರ್ಚಿಗೆ ಕೊಡದಿರುವುದು, ಒಡವೆ ಮಾರುವುದು, ಇವೂ ಆ ಕಾಯ್ದೆಯಲ್ಲಿ ದೌರ್ಜನ್ಯವೇ. ಹೊಡೆದರೆ ಮಾತ್ರ ಅಂತಲ್ಲ.

ಇದಕ್ಕೆ ವಕೀಲರ ಫೀಸು ಎಲ್ಲಿಂದ ತರುವುದು ಅಂತ ಸುಮ್ನೆ ಕೂರಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅದರ ಸಮಿತಿ ಇರುತ್ತದೆ. ನಾನು ಮೊದಲು ಹೋದದ್ದು ಠಾಣೆಗೆ. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ, ಹೋಗಮ್ಮ" ಅಂತ ಕಳಿಸಿದರು. ಊರಿನ ನ್ಯಾಯಕ್ಕೆ ಕೂತವರೂ ಅದೇ ಹಾಡು ಹಾಡಿದರು. ಉಂಡು ಮಲಗಿದ ಮೇಲೇ ನನ್ನ ಮೂಳೆ ಮುರಿದದ್ದು. ಈ ಗಾದೆ ಹೇಳುವವರ ಮಾತಿಗೆ ದಯವಿಟ್ಟು ತಲೆ ಆಡಿಸಬೇಡಿ.

ನೀವು ಹೋಗಬೇಕಾದ್ದು ಸಿಡಿಪಿಒ ಕಚೇರಿಗೆ. ಅಂಗನವಾಡಿಗಳನ್ನೆಲ್ಲ ನೋಡಿಕೊಳ್ಳುವ ತಾಲ್ಲೂಕು ಕಚೇರಿ ಅದು. ನಮ್ಮ ರಾಜ್ಯದಲ್ಲಿ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಸಂರಕ್ಷಣಾಧಿಕಾರಿ ಸಿಡಿಪಿಒ ಅವರೇ. ಊರಿನ ಅಂಗನವಾಡಿಯಲ್ಲಿ ಮಾತ್ರ ವಿಚಾರಿಸಬೇಡಿ, ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟಬಹುದು. ನೇರವಾಗಿ ತಾಲ್ಲೂಕಿಗೆ ಹೋಗಿ, ಕೌಟುಂಬಿಕ ಘಟನೆಯ ವರದಿ ಬರೆಸಿ ಅಂತ ಕೇಳಿ. ಹೊಡೆದದ್ದು, ಸಂಬಳ ಕಿತ್ತುಕೊಂಡದ್ದು, ನಿಮ್ಮ ಹೆಸರಲ್ಲಿ ತೆಗೆಸಿದ ಸಾಲ, ಎಲ್ಲ ಬರೆಸಿ. ಅದು ಕೋರ್ಟಿಗೆ ಹೋಗುತ್ತದೆ. 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ನನ್ನದು ಅದಕ್ಕಿಂತ ಬಹಳ ಎಳೆಯಿತು, ನಿಮ್ಮದೂ ಎಳೆಯಬಹುದು. ಆದರೆ ಮಧ್ಯಂತರ ಆದೇಶ ಅಂತ ಒಂದಿದೆ, ಕೇಸ್ ಮುಗಿಯುವ ಮೊದಲೇ ಖರ್ಚಿಗೆ ದುಡ್ಡು, ಹತ್ತಿರ ಬರಬಾರದು ಅನ್ನುವ ರಕ್ಷಣೆ. ಅದನ್ನು ಮೊದಲ ದಿನವೇ ಕೇಳಿಸಿ. ನನ್ನ ಕೈಗೆ ನನ್ನದೇ ಅನ್ನುವ ದುಡ್ಡು ಬಂದದ್ದು ಆ ಆದೇಶದಿಂದ. ಕೂಡಿಟ್ಟದ್ದರಿಂದ ಅಲ್ಲ.

ಓಡಾಟದ ವಿಷಯದಲ್ಲಿ ನಿಮ್ಮ ಕಾಲ ನನ್ನದಕ್ಕಿಂತ ವಾಸಿ. ನಾನು ಕೋರ್ಟಿಗೆ ಅಲೆದ ಮೊದಮೊದಲು ಬಸ್ ಚಾರ್ಜಿಗೆ ಪಕ್ಕದ ಮನೆಯವರನ್ನು ಕೇಳುತ್ತಿದ್ದೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂತು, ಆಧಾರ್ ತೋರಿಸಿದರೆ ಸಾಕು. ಗೃಹಲಕ್ಷ್ಮಿಯ 2,000 ರೂಪಾಯಿ ಮಾತ್ರ ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಯಾರೋ ಅವರಿಗೆ. ಕೂಡು ಕುಟುಂಬದಲ್ಲಿ ಅದು ಅತ್ತೆಯೇ. ಅದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ.

"ನಮ್ಮ ಹಣೆಬರಹ" ಅಂತಲೂ ಬರೆದಿದ್ದೀರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ದೇಶದ ಲೆಕ್ಕ ಶೇ. 29. ಇಷ್ಟೊಂದು ಜನರ ಹಣೆಯಲ್ಲಿ ಒಂದೇ ಬರಹ ಇರುತ್ತದಾ? ಬಡವರ ಮನೆಗಳಲ್ಲಿ ಜಾಸ್ತಿ, ನಿಜ, ಆದರೆ ಉಳ್ಳವರ ಮನೆಗಳಲ್ಲೂ ಇದೆ. ಬಡತನ ಯಾರಿಗೂ ಹೊಡೆಯೋಕೆ ಹೇಳಿಕೊಡುವುದಿಲ್ಲ. ಹೊಡೆಸಿಕೊಂಡವಳು ಹೊರಗೆ ಹೋಗದ ಹಾಗೆ ಬಾಗಿಲು ಹಾಕುತ್ತದೆ, ಅಷ್ಟೇ.

ಮಕ್ಕಳಿಗೆ ಅಪ್ಪ ಬೇಕಲ್ವಾ ಅಂತ ಕೇಳಿದ್ದೀರಿ. ನನ್ನ ಮಗಳು ಅಪ್ಪನ ಬೈಕಿನ ಸದ್ದು ಕೇಳಿದರೆ ತಮ್ಮನನ್ನು ಎತ್ತಿಕೊಂಡು ಹಿತ್ತಿಲಿಗೆ ಓಡುತ್ತಿದ್ದಳು. ಅಂಥ ಅಪ್ಪ ಬೇಕಿಲ್ಲ.

ದಾಖಲೆ ಕೂಡಿಡಿ ಅಂದೆ ಅಂತ ಅದಕ್ಕಾಗಿ ಉಳಿದುಕೊಳ್ಳಬೇಡಿ. ಕುತ್ತಿಗೆ ಹಿಸುಕಿದರೆ, ಸಾಯಿಸುತ್ತೇನೆ ಅಂದರೆ, ಮಕ್ಕಳ ಮೇಲೆ ಕೈ ಮಾಡಿದರೆ, ಆ ಕ್ಷಣವೇ ಉಟ್ಟ ಬಟ್ಟೆಯಲ್ಲಿ ಹೊರಡಿ. ಕಾಗದ ಆಮೇಲೆ ಮಾಡಿಸಬಹುದು. ವಿಶ್ವಸಂಸ್ಥೆಯ ಅಂದಾಜಿನ ಪ್ರಕಾರ 2023ರಲ್ಲಿ ಪ್ರಪಂಚದಲ್ಲಿ ದಿನಕ್ಕೆ ಸರಾಸರಿ 140 ಹೆಂಗಸರು, ಹುಡುಗಿಯರು ಗಂಡ, ಸಂಗಾತಿ ಅಥವಾ ಮನೆಯವರ ಕೈಯಿಂದಲೇ ಸತ್ತಿದ್ದಾರೆ. ನಮ್ಮವನು ಅಷ್ಟು ದೂರ ಹೋಗಲ್ಲ ಅಂತ ಅವರಲ್ಲೂ ಎಷ್ಟೋ ಜನ ನಂಬಿಕೊಂಡಿದ್ದಿರಬೇಕು. ಅಪಾಯ ಇದ್ದರೆ 112, ಸಲಹೆ ಸಹಾಯಕ್ಕೆ 181. ಕಷ್ಟದಲ್ಲಿರುವ ಹೆಂಗಸರಿಗಾಗಿ ಸರ್ಕಾರದ ಸಖಿ ಕೇಂದ್ರ ಇದೆ, ಅಲ್ಲಿ ಮಕ್ಕಳ ಜೊತೆ ಕೆಲವು ದಿನ ಉಳಿಯಲು ಜಾಗ ಕೊಡುತ್ತಾರೆ, ಎಲ್ಲಿದೆ ಅಂತ 181ರವರೇ ಹೇಳುತ್ತಾರೆ.

ನಿಮ್ಮ ಫೋನನ್ನು ಗಂಡ ನೋಡುತ್ತಾನೆ ಅಂತ ಬರೆದಿದ್ದೀರಿ. ಹಾಗಾಗಿ ಊರು, ತಾಲ್ಲೂಕು ಇಲ್ಲಿ ಹೇಳಬೇಡಿ. ಪ್ರಶ್ನೆಯಲ್ಲಿ ಮಕ್ಕಳ ವಯಸ್ಸು ಹಾಕಿದ್ದೀರಿ, ಅದನ್ನು ತೆಗೆದುಬಿಡಿ. ಇದನ್ನು ಓದಿದ ಮೇಲೆ ಹಿಸ್ಟರಿ ಅಳಿಸಿ. 181ಕ್ಕೆ ನಿಮ್ಮ ಫೋನಿನಿಂದ ಮಾಡಬೇಡಿ, ಕೆಲಸದ ಜಾಗದಲ್ಲಿ ಯಾರದಾದರೂ ಫೋನಿನಿಂದ ಮಾಡಿ, ಆಮೇಲೆ ಆ ನಂಬರ್ ಕೂಡ ಅಳಿಸಿಸಿ.