ಓದುಗರ ಪ್ರಶ್ನೆ: ಹಾಡಿಯಿಂದ ಹೊರಟವರು ಯಾವ ಕುರ್ಚಿ ಹಿಡಿಯಬೇಕು?

ಆದಿವಾಸಿ ಹಕ್ಕುಗಳ ಬಗ್ಗೆ, ಸಾರ್ವಜನಿಕ ಹುದ್ದೆಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾನು ಜೇನುಕುರುಬ ಸಮುದಾಯದವಳು. ಬಿ.ಎ. ಮುಗಿದಿದೆ. ನಮ್ಮ ಹಾಡಿಯವರು (ಆದಿವಾಸಿ ವಸತಿಯವರು) ಅರಣ್ಯ ಹಕ್ಕು ಸಮಿತಿಗೆ ಕಾರ್ಯದರ್ಶಿಯಾಗು ಅನ್ನುತ್ತಿದ್ದಾರೆ. ಅಪ್ಪ ಮಾತ್ರ ಅದೆಲ್ಲ ಬೇಡ, ಕೆಎಎಸ್ ಪರೀಕ್ಷೆಗೆ ಓದು ಅನ್ನುತ್ತಾರೆ. ನಮ್ಮ ಜನಕ್ಕೆ ಯಾವುದರಿಂದ ಹೆಚ್ಚು ಉಪಯೋಗ?
— ಹೆಗ್ಗಡದೇವನಕೋಟೆ ತಾಲ್ಲೂಕಿನ ಓದುಗರು

ಎರಡನ್ನೂ ಮಾಡಬಹುದು ತಾಯಿ, ಒಂದಕ್ಕೊಂದು ಅಡ್ಡಿಯಿಲ್ಲ. ಆದರೆ ಸಮಿತಿಯ ಕೆಲಸವನ್ನು ಪುಕ್ಕಟೆ ಸಮಾಜಸೇವೆ ಎಂದುಕೊಂಡು ಒಪ್ಪಿಕೊಳ್ಳಬೇಡಿ. ಕಾಡಿನಲ್ಲಿ ಬದುಕುವವರಿಗೆ ಅಲ್ಲಿನ ಭೂಮಿ, ಸಂಪನ್ಮೂಲದ ಮೇಲೆ ಹಕ್ಕು ಕೊಡುವುದು 2006ರ ಅರಣ್ಯ ಹಕ್ಕು ಕಾಯ್ದೆ. ಅದರಡಿ ಸಾಗುವ ಕಡತದಲ್ಲಿ ಮೊದಲ ಹಾಳೆ ಬರೆಯುವುದು ಈ ಸಮಿತಿ. ಅಲ್ಲಿ ಬಿಟ್ಟುಹೋದದ್ದನ್ನು ಜಿಲ್ಲಾಧಿಕಾರಿ ಕೂಡ ಆಮೇಲೆ ಸೇರಿಸಲಾರರು.

ಮೊದಲು ನಿಮ್ಮ ಸಮಿತಿ ಸರಿಯಾಗಿ ರಚನೆಯಾಗಿದೆಯೇ ನೋಡಿ. 10ರಿಂದ 15 ಸದಸ್ಯರು ಇರಬೇಕು. ಮೂರನೇ ಎರಡರಷ್ಟು ಪರಿಶಿಷ್ಟ ಪಂಗಡದವರು, ಕನಿಷ್ಠ ಮೂರನೇ ಒಂದರಷ್ಟು ಮಹಿಳೆಯರು. ಆಯ್ಕೆ ಗ್ರಾಮಸಭೆಯಲ್ಲೇ ನಡೆಯಬೇಕು. ಇಡೀ ಗ್ರಾಮ ಪಂಚಾಯಿತಿಗೆ ಒಂದೇ ಸಭೆ ಕರೆದು, ನಾಲ್ಕಾರು ಹಾಡಿಗಳನ್ನು ಅದರೊಳಗೆ ಕರಗಿಸಿಬಿಡುವುದು ಹಲವೆಡೆ ನಡೆದಿದೆ. ಕಾಯ್ದೆಯ 'ಗ್ರಾಮ' ಎಂಬ ವ್ಯಾಖ್ಯೆಯಲ್ಲಿ ಅರಣ್ಯ ಗ್ರಾಮ, ಹಳೆಯ ವಸತಿ, ಸರ್ವೆಯಾಗದ ಊರು ಎಲ್ಲವೂ ಸೇರುತ್ತವೆ. ಹಾಗಾಗಿ ಹಾಡಿ ಮಟ್ಟದಲ್ಲೇ ಸಭೆ ಆಗಬೇಕೆಂದು ಪಿಡಿಒಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಇನ್ನು ನಡಾವಳಿ ಪುಸ್ತಕ. ಅರ್ಜಿಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ಗ್ರಾಮಸಭೆಗೆ ಅದರ ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಜನ ಬಂದಿರಬೇಕು, ಬಂದವರಲ್ಲಿ ಮೂರನೇ ಒಂದರಷ್ಟು ಮಹಿಳೆಯರಿರಬೇಕು. ಹಕ್ಕಿನ ಅರ್ಜಿಗಳ ಬಗ್ಗೆ ಠರಾವು ಮಾಡುವ ದಿನ ಅರ್ಜಿದಾರರಲ್ಲಿ ಅಥವಾ ಅವರ ಪ್ರತಿನಿಧಿಗಳಲ್ಲಿ ಕನಿಷ್ಠ ಅರ್ಧದಷ್ಟು ಜನ ಹಾಜರಿರಬೇಕು. ಹಾಜರಿದ್ದರೆ ಸಾಲದು, ಅದು ಅಂಕಿಯಲ್ಲಿ ಕಾಣಬೇಕು. ಠರಾವಿನ ಮೇಲೆ ಹೀಗೊಂದು ಸಾಲು ಬರೆಯಿರಿ: 'ಒಟ್ಟು ಸದಸ್ಯರು 84, ಹಾಜರು 47, ಅವರಲ್ಲಿ ಮಹಿಳೆಯರು 19, ಒಟ್ಟು ಅರ್ಜಿದಾರರು 22, ಹಾಜರಿರುವ ಅರ್ಜಿದಾರರು 13.' ಸಹಿ, ಹೆಬ್ಬೆಟ್ಟು ಎಲ್ಲವೂ ಅದೇ ಪುಸ್ತಕದ ಅದೇ ಪುಟದಿಂದ ಶುರುವಾಗಲಿ. ಬಿಡಿ ಹಾಳೆಯಲ್ಲಿ ಹೆಬ್ಬೆಟ್ಟು ಹಾಕಿಸಿ ಆಮೇಲೆ ಪಿನ್ನು ಚುಚ್ಚಿದರೆ, ಆ ಹಾಳೆ ಯಾವ ಸಭೆಯದು ಎಂಬ ಪ್ರಶ್ನೆ ಉಪವಿಭಾಗ ಕಚೇರಿಯಲ್ಲಿ ಎದ್ದೇ ಏಳುತ್ತದೆ. ಹೆಬ್ಬೆಟ್ಟಿನ ಪಕ್ಕ ಹೆಸರು ಬರೆಯದಿದ್ದರೂ ಅದೇ ಗತಿ.

ಅರ್ಜಿಗೆ ಎರಡು ಸಾಕ್ಷ್ಯ ಸಾಕು. ಸರ್ಕಾರಿ ದಾಖಲೆಯೇ ಆಗಬೇಕೆಂದಿಲ್ಲ. ಹಳೆಯ ಬಾವಿ, ಬದು, ಸಮಾಧಿ, ದೇವರ ಬನ, ವಂಶವೃಕ್ಷ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ, ಇವೆಲ್ಲ ಈ ಕಾಯ್ದೆಯ ನಿಯಮ 13ರಲ್ಲೇ ಇವೆ. ಉಪಗ್ರಹ ಚಿತ್ರದಲ್ಲಿ ಸಾಗುವಳಿ ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸುವಂತಿಲ್ಲ. ವೈಯಕ್ತಿಕ ಸಾಗುವಳಿಗೆ ನಮೂನೆ 'ಎ', ಸಮುದಾಯ ಹಕ್ಕಿಗೆ 'ಬಿ', ಸಮುದಾಯ ಅರಣ್ಯ ಸಂಪನ್ಮೂಲಕ್ಕೆ (ಊರಿನವರು ಹಿಂದಿನಿಂದ ಬಳಸಿ, ಕಾಯ್ದುಕೊಂಡು ಬಂದ ಕಾಡಿಗೆ) 'ಸಿ'. ನಮ್ಮಲ್ಲಿ ಎಲ್ಲರೂ 'ಎ' ಹಿಂದೆ ಬೀಳುತ್ತಾರೆ. ಜೇನು, ನೆಲ್ಲಿ, ಪಾಚಿ ತೆಗೆದು ಬದುಕುವವರಿಗೆ 'ಬಿ' ಮತ್ತು 'ಸಿ' ಇಲ್ಲದೆ 'ಎ'ಯೊಂದೇ ಬಂದರೆ ಅರ್ಧ ಬದುಕು ಕಾಯ್ದೆಯ ಹೊರಗೇ ಉಳಿಯುತ್ತದೆ. ಜೇನುಕುರುಬರು ಮತ್ತು ಕೊರಗರು ವಿಶೇಷವಾಗಿ ದುರ್ಬಲವಾದ ಬುಡಕಟ್ಟುಗಳ ಪಟ್ಟಿಯಲ್ಲಿರುವುದರಿಂದ ಕಲಂ 3(1)(ಇ) ಅಡಿ ಆವಾಸ ಹಕ್ಕನ್ನೂ (ಸಮುದಾಯ ಹಿಂದಿನಿಂದ ಬದುಕಿದ ಇಡೀ ನೆಲೆಯ ಮೇಲಿನ ಹಕ್ಕು) ಕೇಳಬಹುದು.

ಸ್ಥಳ ಪರಿಶೀಲನೆಗೆ ಅರಣ್ಯ ಮತ್ತು ಕಂದಾಯ ಇಲಾಖೆಯವರನ್ನು ಬರವಣಿಗೆಯಲ್ಲಿ ಕರೆಯಿರಿ. ಬಂದವರು ಹುದ್ದೆ, ದಿನಾಂಕ, ಅಭಿಪ್ರಾಯ ಬರೆದು ಮಹಜರಿಗೆ ಸಹಿ ಮಾಡಬೇಕು. ಬಾರದೆ ಆಮೇಲೆ ಆಕ್ಷೇಪ ಎತ್ತಿದರೆ ಅರ್ಜಿ ಮರುಪರಿಶೀಲನೆಗೆ ಗ್ರಾಮಸಭೆಗೆ ವಾಪಸ್ ಬರುತ್ತದೆ. ಆಗಲೂ ಅವರು ಬಾರದಿದ್ದರೆ ಪರಿಶೀಲನೆಯ ಮಟ್ಟಿಗೆ ಗ್ರಾಮಸಭೆಯ ತೀರ್ಮಾನವೇ ಅಂತಿಮ. ಇದು ನಿಯಮ 12ಎ. ಕರೆದ ಪತ್ರದ ಸ್ವೀಕೃತಿ ನಿಮ್ಮ ಬಳಿ ಇದ್ದರಷ್ಟೇ ಈ ನಿಯಮ ಕೈಗೆ ಬರುತ್ತದೆ. ನಿಮ್ಮ ಮನೆಯ ಅರ್ಜಿಯೂ ಇದ್ದರೆ ಮೊದಲೇ ಸಮಿತಿಗೆ ತಿಳಿಸಿ ಆ ಪರಿಶೀಲನೆಯಿಂದ ಹೊರಗುಳಿಯಿರಿ. ತಿರಸ್ಕಾರದ ಹಿಂಬರಹ ಬಂದರೆ 60 ದಿನದೊಳಗೆ ಮೇಲಿನ ಸಮಿತಿಗೆ ಮೇಲರ್ಜಿ. 'ದಾಖಲೆ ಸಾಲದು' ಎಂಬ ಒಂದು ಸಾಲಿನ ಹಿಂಬರಹವನ್ನು ಸುಮ್ಮನೆ ತೆಗೆದುಕೊಂಡು ಬರಬೇಡಿ, ಕಾರಣ ಬರೆದು ಕೊಡುವುದು ಅವರ ಕರ್ತವ್ಯ.

ಈಗ ಅಪ್ಪನ ಮಾತಿಗೆ ಬರೋಣ. ಅಧಿಕಾರಿಯಾದರೆ ನಡತೆ ನಿಯಮಗಳು ಕಾಲಿಗೆ ತೊಡರುತ್ತವೆ. ಸರ್ಕಾರದ ನೀತಿಯನ್ನು ಬಹಿರಂಗವಾಗಿ ಟೀಕಿಸುವಂತಿಲ್ಲ, ಪಕ್ಷ ರಾಜಕೀಯ ಮಾಡುವಂತಿಲ್ಲ. ಕಡತದೊಳಗೆ ಮಾತ್ರ ಬೇಕಾದಷ್ಟು ಮಾಡಬಹುದು. ಬಿ.ಡಿ. ಶರ್ಮಾ ಆದಿವಾಸಿಯಲ್ಲ, ಐಎಎಸ್ ಅಧಿಕಾರಿ. ಬಸ್ತರಿನ ಕಲೆಕ್ಟರ್ ಆಗಿದ್ದವರು. ಮುಂದೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಆಯುಕ್ತರಾಗಿ ಅವರು ಕೊಟ್ಟ 29ನೇ ವರದಿಯನ್ನು ಇಂದಿಗೂ ಈ ಕ್ಷೇತ್ರದವರು ಮುಂದಿಟ್ಟುಕೊಂಡು ಮಾತಾಡುತ್ತಾರೆ. ಅಂಥ ವರದಿ ಬರೆಯುವ ಕುರ್ಚಿ ಎಲ್ಲರಿಗೂ ಸಿಗುವುದಿಲ್ಲ. ಆದರೆ ಉಪವಿಭಾಗ ಮಟ್ಟದ ಅರಣ್ಯ ಹಕ್ಕು ಸಮಿತಿಗೆ ಉಪವಿಭಾಗಾಧಿಕಾರಿಯೇ ಅಧ್ಯಕ್ಷರು. ಕೆಎಎಸ್ ಪಾಸಾದರೆ ಆ ಕುರ್ಚಿ ನಿಮಗೆ ಸಿಗಬಹುದಾದದ್ದೇ. ಹಾಡಿಯ ನಡಾವಳಿ ಬರೆದವರು ಅಲ್ಲಿ ಕೂತರೆ ಕಡತ ಓದುವ ರೀತಿಯೇ ಬೇರೆ ಇರುತ್ತದೆ. ಹಾಗಾಗಿ ನಮ್ಮ ಸಲಹೆ: ಓದುತ್ತಲೇ ಕಾರ್ಯದರ್ಶಿಯಾಗಿ. ನೌಕರಿ ಸಿಕ್ಕ ದಿನ ಪುಸ್ತಕ, ಸ್ವೀಕೃತಿಗಳ ಕಟ್ಟು, ಬಾಕಿ ಅರ್ಜಿಗಳ ಪಟ್ಟಿ ಎಲ್ಲವನ್ನೂ ಸಹಿ ಹಾಕಿಸಿಕೊಂಡು ಮುಂದಿನವರಿಗೆ ಒಪ್ಪಿಸಿ.

ಪ್ರಶ್ನೆ: ವಿಧಾನಸಭೆಯಲ್ಲಿ ಪರಿಶಿಷ್ಟ ಪಂಗಡಕ್ಕೆ 15 ಕ್ಷೇತ್ರ ಮೀಸಲಿವೆ. ಆದರೂ ಕಾಡಿನ ಸಮುದಾಯದವರು ಅಲ್ಲಿ ಯಾಕೆ ಕಾಣುವುದಿಲ್ಲ? ಶಾಂತಾರಾಮ ಸಿದ್ದಿಯವರು ಪರಿಷತ್ತಿಗೆ ಹೋದ ದಾರಿ ಬೇರೆಯವರಿಗೂ ಇದೆಯೇ?
— ವಿರಾಜಪೇಟೆಯ ಓದುಗರು

ಲೆಕ್ಕ ನೋಡಿದರೆ ಉತ್ತರ ಕಾಣುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದ ಪರಿಶಿಷ್ಟ ಪಂಗಡದವರು ಸುಮಾರು 42 ಲಕ್ಷ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನಾಯಕ ಸಮುದಾಯ. ಜೇನುಕುರುಬರು 36 ಸಾವಿರದ ಆಸುಪಾಸು, ಕೊರಗರು 15 ಸಾವಿರದೊಳಗೆ, ಅವರೂ ಹಲವು ತಾಲ್ಲೂಕುಗಳಲ್ಲಿ ಚದುರಿದ್ದಾರೆ. ಒಂದು ವಿಧಾನಸಭಾ ಕ್ಷೇತ್ರದ ಮತದಾರರು ಸುಮಾರು 2 ಲಕ್ಷ. ಯಾವ ಪಕ್ಷ ಟಿಕೆಟ್ ಕೊಟ್ಟೀತು? ನಿಮ್ಮ ಕೊಡಗಿನಲ್ಲಂತೂ ಎರಡೂ ಕ್ಷೇತ್ರ ಸಾಮಾನ್ಯ.

ಸಿದ್ದಿ ಸಮುದಾಯದಿಂದ ರಾಜ್ಯದ ಶಾಸನಸಭೆಗೆ ಮೊದಲು ಹೋದವರು ಶಾಂತಾರಾಮ ಬುಡ್ನ ಸಿದ್ದಿ, 2020ರಲ್ಲಿ, ನಾಮನಿರ್ದೇಶನದ ಮೂಲಕ. 75 ಸ್ಥಾನಗಳ ಪರಿಷತ್ತಿನಲ್ಲಿ ಅಂಥವು 11. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ ಚಳವಳಿ, ಸಮಾಜಸೇವೆ ಈ ಐದರಲ್ಲಿ ಅನುಭವ ಇರಬೇಕು. ಅರ್ಜಿ ಹಾಕುವ ಪದ್ಧತಿಯಿಲ್ಲ. ರಾಜ್ಯಪಾಲರು ಸಹಿ ಮಾಡುವುದು ಸರ್ಕಾರ ಕಳಿಸಿದ ಹೆಸರಿಗೆ, ಆ ಹೆಸರು ಹೊರಡುವುದು ಆಡಳಿತ ಪಕ್ಷದಿಂದ. ದಾರಿ ಇದೆ, ಆದರೆ ಅದರ ಬಾಗಿಲು ಇನ್ನೊಬ್ಬರ ಮನೆಯದು.

ಹಾಡಿಯವರಿಗೆ ಸ್ವಂತ ಬಲದಿಂದ ಗೆಲ್ಲಬಹುದಾದ ಜಾಗವೆಂದರೆ ಗ್ರಾಮ ಪಂಚಾಯಿತಿ. ಅಲ್ಲಿ 400 ಜನಸಂಖ್ಯೆಗೆ ಒಬ್ಬ ಸದಸ್ಯ, 21 ವರ್ಷ ತುಂಬಿದ್ದರೆ ನಿಲ್ಲಬಹುದು. ಅಕ್ಕಪಕ್ಕದ ಎರಡು ಹಾಡಿ ಒಂದಾದರೆ ಒಂದು ಸ್ಥಾನ ಗೆಲ್ಲಬಹುದು. ಗ್ರಾಮಸಭೆ ಕರೆಯುವ ಅಧಿಕಾರ ಪಂಚಾಯಿತಿಗೇ ಇರುವುದರಿಂದ ಈ ಸ್ಥಾನ ಸಣ್ಣದೇನಲ್ಲ.

ಅದರ ಮೇಲಿನ ಮೆಟ್ಟಿಲು ಮುರಿದಿದೆ, ಅದನ್ನೂ ಹೇಳಬೇಕು. ಉಪವಿಭಾಗ ಮಟ್ಟದ ಸಮಿತಿಯಲ್ಲಿ ತಾಲ್ಲೂಕು ಪಂಚಾಯಿತಿಯ ಮೂವರು ಚುನಾಯಿತರಿರಬೇಕು, ಅವರನ್ನು ಜಿಲ್ಲಾ ಪಂಚಾಯಿತಿ ನೇಮಿಸಬೇಕು. 2021ರಲ್ಲಿ ಎರಡರ ಅವಧಿಯೂ ಮುಗಿಯಿತು. ಚುನಾವಣೆ ವರ್ಷಗಟ್ಟಲೆ ನಡೆಯಲಿಲ್ಲ. ನೇಮಿಸಬೇಕಾದವರೂ ಇಲ್ಲ, ನೇಮಕವಾಗಬೇಕಾದವರೂ ಇಲ್ಲ. ಅಧಿಕಾರಿಗಳಷ್ಟೇ ಕೂತು ತಿರಸ್ಕರಿಸಿದ ಅರ್ಜಿ ನಿಮ್ಮದಾಗಿದ್ದರೆ, ಸಭೆಯಲ್ಲಿ ಯಾರ್‍ಯಾರು ಹಾಜರಿದ್ದರೆಂದು ಮಾಹಿತಿ ಹಕ್ಕಿನಡಿ ಕೇಳಿ, ಆ ಪ್ರತಿಯನ್ನು ಮೇಲರ್ಜಿಗೆ ಲಗತ್ತಿಸಿ.

ಪ್ರಶ್ನೆ: ಜೈಪಾಲ್ ಸಿಂಗ್ ಮುಂಡಾ ಐಸಿಎಸ್ ಬಿಟ್ಟು ಬಂದವರು. ಕೊನೆಗೆ ಸ್ವಂತ ಪಕ್ಷವನ್ನೇ ಕಾಂಗ್ರೆಸ್ಸಿನಲ್ಲಿ ಮುಳುಗಿಸಿದರು. ದ್ರೌಪದಿ ಮುರ್ಮು ಗುಮಾಸ್ತಿಕೆಯಿಂದ ಹೊರಟು ರಾಷ್ಟ್ರಪತಿಯಾದರು. ಇಬ್ಬರಲ್ಲಿ ಯಾರ ದಾರಿ ಸರಿ?
— ರಾಯಚೂರಿನ ಓದುಗರು

ಜಾರ್ಖಂಡ್ ಪ್ರದೇಶದ ಆದಿವಾಸಿ ನಾಯಕ ಜೈಪಾಲರು ಐಸಿಎಸ್ (ಬ್ರಿಟಿಷರ ಕಾಲದ ಉನ್ನತ ಆಡಳಿತ ಸೇವೆ) ಬಿಟ್ಟದ್ದು ಆದಿವಾಸಿಗಳಿಗಾಗಿ ಎಂದು ಹಲವರು ಬರೆಯುತ್ತಾರೆ, ಅದು ತಪ್ಪು. ಅವರು ಆಕ್ಸ್‌ಫರ್ಡಿನಲ್ಲಿ ಓದಿ ಐಸಿಎಸ್ ತರಬೇತಿಯಲ್ಲಿದ್ದರು. 1928ರ ಆಮ್ಸ್ಟರ್‌ಡ್ಯಾಮ್ ಒಲಿಂಪಿಕ್ಸಿನಲ್ಲಿ ಹಾಕಿ ತಂಡದ ನಾಯಕರಾಗಲು ರಜೆ ಸಿಗಲಿಲ್ಲ. ಆದರೂ ಹೋದರು. ಫೈನಲ್ ಆಡದೆ ತಂಡ ಬಿಟ್ಟರು, ಭಾರತ ಚಿನ್ನ ಗೆದ್ದಿತು. ತರಬೇತಿಯನ್ನು ಇನ್ನೊಂದು ವರ್ಷ ಮುಂದುವರಿಸಬೇಕು ಎಂದಾಗ ಹುದ್ದೆಯನ್ನೇ ಬಿಟ್ಟರು. ಆದಿವಾಸಿ ಮಹಾಸಭೆಯ ಅಧ್ಯಕ್ಷರಾದದ್ದು 1939ರಲ್ಲಿ, ನಡುವೆ ಹತ್ತು ವರ್ಷ ಬೇರೆ ಬದುಕೇ ಇತ್ತು.

ಅವರ ದೊಡ್ಡ ಕೆಲಸ ಸಂವಿಧಾನ ಸಭೆಯಲ್ಲಿ. 1946ರ ಡಿಸೆಂಬರ್ 19ರಂದು ಸಂವಿಧಾನದ ಗುರಿಗಳನ್ನು ಸಾರುವ ಧ್ಯೇಯ ನಿರ್ಣಯದ ಮೇಲೆ ಮಾತಾಡುತ್ತ, ತಾನೊಬ್ಬ 'ಜಂಗ್ಲಿ' ಎಂದು ಹೆಮ್ಮೆಯಿಂದ ಹೇಳಿಕೊಂಡು, ಪ್ರಜಾಪ್ರಭುತ್ವವನ್ನು ಆದಿವಾಸಿಗಳಿಗೆ ಕಲಿಸಬೇಕಿಲ್ಲ, ಅವರಿಂದ ಕಲಿಯಬೇಕು ಎಂದರು. 1952ರಲ್ಲಿ ಅವರ ಜಾರ್ಖಂಡ್ ಪಕ್ಷ ಬಿಹಾರ ವಿಧಾನಸಭೆಯ ಮುಖ್ಯ ವಿರೋಧ ಪಕ್ಷ. ಎಡವಿದ್ದು ಆಮೇಲೆ. ರಾಜ್ಯ ಪುನರ್‌ವಿಂಗಡಣಾ ಆಯೋಗ ಜಾರ್ಖಂಡ್ ಬೇಡಿಕೆ ಒಪ್ಪಲಿಲ್ಲ, 1962ರಲ್ಲಿ ಪಕ್ಷದ ಬಲ ಕುಗ್ಗಿತು, 1963ರಲ್ಲಿ ವಿಲೀನ. ಪಕ್ಷದಲ್ಲಿ ಎರಡನೇ ಸಾಲಿನ ನಾಯಕರು ಬೆಳೆದಿರಲಿಲ್ಲ, ಒಬ್ಬರ ತೀರ್ಮಾನಕ್ಕೆ ಸಂಘಟನೆಯೇ ಕೈತಪ್ಪಿತು. ವಿಲೀನವನ್ನು ದ್ರೋಹ ಎನ್ನುವುದಕ್ಕಿಂತ ಇದನ್ನು ಎತ್ತಿ ಹೇಳಬೇಕು. ಜಾರ್ಖಂಡ್ ರಾಜ್ಯವಾದದ್ದು 2000ದ ನವೆಂಬರ್ 15ರಂದು, ಅವರು ತೀರಿಕೊಂಡು ಮೂವತ್ತು ವರ್ಷಗಳ ಮೇಲೆ.

ಮುರ್ಮು ಅವರದು ಮೆಟ್ಟಿಲು ಬಿಡದ ಹಾದಿ. ಒಡಿಶಾ ನೀರಾವರಿ ಇಲಾಖೆಯಲ್ಲಿ ಕಿರಿಯ ಸಹಾಯಕಿ, ರಾಯರಂಗಪುರದಲ್ಲಿ ಶಿಕ್ಷಕಿ, 1997ರಲ್ಲಿ ಅಲ್ಲಿನ ಪಟ್ಟಣ ಪಂಚಾಯಿತಿ ಸದಸ್ಯೆ, 2000ದಲ್ಲಿ ಶಾಸಕಿ, ಸಚಿವೆ. 2014ರಲ್ಲಿ ಸೋತರು, ಮರುವರ್ಷ ಜಾರ್ಖಂಡ್ ರಾಜ್ಯಪಾಲೆ. ಗಮನಿಸಬೇಕಾದ್ದು 2017. ಛೋಟಾನಾಗಪುರ ಮತ್ತು ಸಂಥಾಲ್ ಪರಗಣ ಗೇಣಿ ಕಾಯ್ದೆಗಳು ಆದಿವಾಸಿಗಳ ಭೂಮಿ ಪರರ ಪಾಲಾಗದಂತೆ ತಡೆಯುತ್ತವೆ. ಕೃಷಿಭೂಮಿಯನ್ನು ಕೃಷಿಯೇತರ ಕೆಲಸಕ್ಕೆ ಬಳಸಲು ಅವಕಾಶ ಕೊಡುವ ತಿದ್ದುಪಡಿಗಳನ್ನು, ಕಳಿಸಿದ್ದು ತಾವು ಬಂದ ಪಕ್ಷದ ಸರ್ಕಾರವೇ ಆದರೂ, ಅವರು ಸಹಿ ಮಾಡದೆ ವಾಪಸ್ ಕಳಿಸಿದರು. ಸರ್ಕಾರ ಅವನ್ನು ಕೈಬಿಟ್ಟಿತು. ರಾಜ್ಯಪಾಲೆ ವಾಪಸ್ ಕಳಿಸಿದರೂ ಸದನ ಮತ್ತೆ ಅಂಗೀಕರಿಸಿದ್ದರೆ ತಡೆಯುವುದು ಕಷ್ಟವಿತ್ತು. ಬೀದಿಯಲ್ಲಿ ಜೋರು ಪ್ರತಿಭಟನೆ ಇದ್ದದ್ದರಿಂದ ಆ ಸಹಿ ಮಾಡದ ಕಡತಕ್ಕೆ ಬಲ ಬಂತು. ಯಾರ ದಾರಿ ಸರಿ ಎಂದರೆ, ಜೈಪಾಲರ ಮಾತಿಲ್ಲದಿದ್ದರೆ ಮುರ್ಮು ಕೂರುವ ಕುರ್ಚಿಯ ಕಲ್ಪನೆಯೇ ತಡವಾಗುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ಪ್ರಶ್ನೆ: ಪೆಸಾ ಕಾಯ್ದೆಯಡಿ ನಮ್ಮ ಗ್ರಾಮಸಭೆಗೆ ಗಣಿಗಾರಿಕೆ ತಡೆಯುವ ಅಧಿಕಾರ ಇದೆಯೇ?
— ಮೈಸೂರಿನ ಕಾನೂನು ವಿದ್ಯಾರ್ಥಿ

ಇಲ್ಲ. 1996ರ ಪೆಸಾ, ಅಂದರೆ ಪಂಚಾಯಿತಿ ವ್ಯವಸ್ಥೆಯನ್ನು ಅನುಸೂಚಿತ ಪ್ರದೇಶಗಳಿಗೆ ವಿಸ್ತರಿಸುವ ಕಾಯ್ದೆ, ಸಂವಿಧಾನದ ಐದನೇ ಅನುಸೂಚಿಯ ಆದಿವಾಸಿ ಪ್ರದೇಶಗಳಿಗೆ ಮಾತ್ರ. ಅಂಥ ಪ್ರದೇಶ ಹತ್ತು ರಾಜ್ಯಗಳಲ್ಲಿದೆ, ಕರ್ನಾಟಕದಲ್ಲಿ ಇಲ್ಲ. ಇಲ್ಲಿ ಪೆಸಾ ಹೆಸರಲ್ಲಿ ಠರಾವು ಬರೆದರೆ ಮೊದಲ ಓದಿಗೇ ಬದಿಗಿಡುತ್ತಾರೆ. ಕಾಡನ್ನು ಕಾಯುವ ಅಧಿಕಾರವನ್ನು ಗ್ರಾಮಸಭೆಗೆ ಕೊಡುವ, ಅರಣ್ಯ ಹಕ್ಕು ಕಾಯ್ದೆಯ ಕಲಂ 5 ಬಳಸಿ, ಅದು ಇಲ್ಲೂ ಅನ್ವಯ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಪೆಸಾ ಇಲ್ಲದೆಯೇ 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯ ಅರಣ್ಯ ಹಕ್ಕು ಪಡೆದರು.

ಪ್ರಶ್ನೆ: ಕೊರಗ ಕುಟುಂಬವೊಂದನ್ನು ಸ್ವಾಧೀನದ ಜಾಗದಿಂದ ಎಬ್ಬಿಸಿದ್ದಾರೆ. ದೆಹಲಿಯ ಪರಿಶಿಷ್ಟ ಪಂಗಡಗಳ ಆಯೋಗಕ್ಕೆ ಬರೆದರೆ ಕೆಲಸ ಆಗುತ್ತದೆಯೇ?
— ಉಡುಪಿಯ ಓದುಗರು

ಬರೆಯಿರಿ, ಆದರೆ ಮೊದಲು ಪೊಲೀಸ್ ಠಾಣೆಗೆ ಹೋಗಿ. ಪರಿಶಿಷ್ಟ ಪಂಗಡದವರನ್ನು ಭೂಮಿಯಿಂದ ಅಕ್ರಮವಾಗಿ ಒಕ್ಕಲೆಬ್ಬಿಸುವುದು, ಅರಣ್ಯ ಹಕ್ಕಿಗೆ ಅಡ್ಡಿಪಡಿಸುವುದು ದೌರ್ಜನ್ಯ ತಡೆ ಕಾಯ್ದೆಯ ಕಲಂ 3(1)(ಜಿ) ಅಡಿ ಅಪರಾಧ. ದೂರಿನಲ್ಲಿ ಈ ಕಲಂ ಬರೆಯಿರಿ. 'ಜಾಗದ ತಕರಾರು, ಸಿವಿಲ್ ಕೋರ್ಟಿಗೆ ಹೋಗಿ' ಎಂದು ಕಳಿಸಿಬಿಡುವುದು ಆಗ ಅಷ್ಟು ಸುಲಭವಲ್ಲ. ಕೆಲಸದ ನೆಪದಲ್ಲಿ ಅಜಲು (ಕೊರಗರನ್ನು ಕೀಳಾಗಿ ಕಂಡು ಕೂಲಿಯಿಲ್ಲದೆ ದುಡಿಸುವ ಪದ್ಧತಿ) ಮಾಡಿಸಿದ್ದೂ ಇದ್ದರೆ 2000ದ ಅಜಲು ಪದ್ಧತಿ ನಿಷೇಧ ಕಾಯ್ದೆಯನ್ನೂ ಹೆಸರಿಸಿ.

ಆಯೋಗಕ್ಕೆ ಸಂವಿಧಾನದ 338ಎ ವಿಧಿಯಡಿ ಸಿವಿಲ್ ನ್ಯಾಯಾಲಯದಂತೆ ಅಧಿಕಾರಿಗಳನ್ನು ಕರೆಸುವ, ದಾಖಲೆ ತರಿಸುವ ಅಧಿಕಾರವಿದೆ. ತಡೆಯಾಜ್ಞೆ ಕೊಡುವ ಅಧಿಕಾರವಿಲ್ಲ, 1996ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ನಾಳೆಯೇ ಮನೆ ಕೆಡವುತ್ತಾರೆ ಎಂದಾದರೆ ಆಯೋಗವನ್ನು ಕಾಯಬೇಡಿ, ಹೈಕೋರ್ಟಿಗೆ ಹೋಗಿ. ಕೋರ್ಟಿನಲ್ಲಿರುವ ವಿಷಯವನ್ನು ಆಯೋಗ ಎತ್ತಿಕೊಳ್ಳುವುದಿಲ್ಲ ಎಂಬುದೂ ನೆನಪಿರಲಿ. ಯಾವುದು ಮೊದಲು ಎಂದು ವಕೀಲರ ಜೊತೆ ಕೂತು ತೀರ್ಮಾನಿಸಿ.

ದೂರು ಎರಡು ಪುಟ ಮೀರದಿರಲಿ. ಕುಟುಂಬದವರ ಹೆಸರು, ವಿಳಾಸ, ಸಹಿ, ಜಾತಿ ಪ್ರಮಾಣಪತ್ರದ ಪ್ರತಿ, ಜಾಗದ ಸರ್ವೆ ನಂಬರ್ ಮತ್ತು ಚೆಕ್ಕುಬಂದಿ, ಎಬ್ಬಿಸಿದ ದಿನಾಂಕ, ಠಾಣೆಗೆ ಕೊಟ್ಟ ದೂರಿನ ಸ್ವೀಕೃತಿ. ಹೆಸರಿಲ್ಲದ ದೂರನ್ನು ತೆಗೆದುಕೊಳ್ಳುವುದಿಲ್ಲ. 'ನ್ಯಾಯ ಒದಗಿಸಿ' ಎಂದು ಮುಗಿಸುವ ಬದಲು, ಯಾವ ಅಧಿಕಾರಿಯಿಂದ ಯಾವ ವರದಿ ತರಿಸಬೇಕೆಂದು ಬರೆಯಿರಿ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಒಂದು ಪ್ರತಿಯನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೊಟ್ಟು ಮೊಹರು ಹಾಕಿಸಿಕೊಳ್ಳಿ.