ಎನ್‌ಆರ್‌ಎಲ್ ಕ್ಲಬ್‌ನ ಒಪ್ಪಂದ ಸಿಕ್ಕಿ ವರ್ಷವಾದರೂ ಹುಡುಗ ಮೈದಾನಕ್ಕೆ ಇಳಿದಿಲ್ಲ, ಯಾಕೆ?

18ರ ಪ್ರಾಪ್ (ಮುಂದಿನ ಸಾಲಿನ ದೈತ್ಯ ಆಟಗಾರ) ಒಬ್ಬನನ್ನು ಸಿಡ್ನಿಯ ಕ್ಲಬ್ ತೆಗೆದುಕೊಂಡು ವರ್ಷವಾಯಿತು, ಆಸ್ಟ್ರೇಲಿಯಾದ ಅತಿ ಎತ್ತರದ ರಗ್ಬಿ ಲೀಗ್ ಸ್ಪರ್ಧೆಯಾದ ಎನ್‌ಆರ್‌ಎಲ್‌ನ ಒಂದೂ ಪಂದ್ಯ ಆಡಿಸಿಲ್ಲ, ಮರೆತುಬಿಟ್ಟಿದ್ದಾರಾ ಎಂದು ಕೇಳಿದ್ದೀರಿ. ಮರೆತಿಲ್ಲ. ಪ್ರಾಪ್‌ಗಳಿಗೆ ಇದು ಮಾಮೂಲು. (ಬೆಂಗಳೂರಿನ ಕ್ಲಬ್‌ಗಳು ಆಡುವ ರಗ್ಬಿ ಯೂನಿಯನ್‌ನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ, ಇದು 13 ಮಂದಿಯ ರಗ್ಬಿ ಲೀಗ್, ಬೇರೆಯೇ ಆಟ.)

ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ (ಎನ್‌ಎಸ್‌ಡಬ್ಲ್ಯು) ರಾಜ್ಯದಲ್ಲಿ ಮೇಲೇರುವ ಮೆಟ್ಟಿಲುಗಳು ಹೀಗಿವೆ: 17ರ ಒಳಗಿನವರಿಗೆ ಹೆರಾಲ್ಡ್ ಮ್ಯಾಥ್ಯೂಸ್ ಕಪ್, 19ರ ಒಳಗಿನವರಿಗೆ ಎಸ್‌ಜಿ ಬಾಲ್, 21ರ ಒಳಗಿನವರಿಗೆ ಜರ್ಸಿ ಫ್ಲೆಗ್, ಆಮೇಲೆ ದೊಡ್ಡವರ ಎನ್‌ಎಸ್‌ಡಬ್ಲ್ಯು ಕಪ್, ಅದರ ಮೇಲೆ ಎನ್‌ಆರ್‌ಎಲ್. ಕ್ಲಬ್‌ನ ಮುಖ್ಯ ಪಟ್ಟಿಯಲ್ಲಿ 30 ಆಟಗಾರರು, ಪಂದ್ಯದಲ್ಲಿ ಆಡಲು ಸಿಗುವುದು 17 ಮಂದಿಗೆ (ಮೈದಾನದಲ್ಲಿ 13, ಬದಲಿಯಾಗಿ 4).

ಪ್ರಾಪ್ ಹುಡುಗರನ್ನು ಮೇಲೇರದಂತೆ ಹಿಡಿದಿಡುವುದು ಡಿಫೆನ್ಸ್, ಅಂದರೆ ಎದುರಾಳಿಯ ದಾಳಿ ತಡೆಯುವ ಕೆಲಸ. ಪ್ರತಿ ಟ್ಯಾಕಲ್ (ಚೆಂಡು ಹಿಡಿದವನನ್ನು ಹಿಡಿದು ಕೆಡವುವುದು) ಆದಮೇಲೆ ಎದ್ದು, 10 ಮೀಟರ್ ಹಿಂದೆ ಓಡಿ, ಸಾಲು ಸೇರಿ, ಮತ್ತೆ ಮುನ್ನುಗ್ಗಬೇಕು. ಒಂದು ಸೆಟ್‌ನಲ್ಲಿ, ಅಂದರೆ ಒಂದು ತಂಡಕ್ಕೆ ಚೆಂಡು ಸಿಗುವ ಒಂದು ಸರದಿಯಲ್ಲಿ, ಹೀಗೆ ಆರು ಸಲ. ಜೂನಿಯರ್ ಆಟದಲ್ಲಿ ದಪ್ಪ ಹುಡುಗರು ಬರೀ ತೂಕದಲ್ಲೇ ಎದುರಾಳಿಯನ್ನು ಕೆಡವುತ್ತಾರೆ, ಕಾಲು ಎಲ್ಲಿಡಬೇಕು ಎನ್ನುವುದನ್ನು ಕಲಿತಿರುವುದಿಲ್ಲ. ದೊಡ್ಡವರ ಎದುರು ದಣಿದಾಗ ಇದು ಬಯಲಾಗುತ್ತದೆ. ಡಿಕ್ಕಿಗೆ ಒಂದು ಹೆಜ್ಜೆ ಮೊದಲೇ ಕಾಲು ನಿಲ್ಲುತ್ತದೆ, ಬೆನ್ನು ನೆಟ್ಟಗಾಗುತ್ತದೆ, ಭುಜ ತಾಗುವ ಬದಲು ಕೈ ಚಾಚುತ್ತದೆ. ಚೆಂಡು ಹಿಡಿದವನು ಎರಡು ಮೀಟರ್ ಮುಂದಕ್ಕೇ ಬಿದ್ದು ಸರಕ್ಕನೆ ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸಿದರೆ ಡಿಫೆನ್ಸ್ ಸಾಲು ಇನ್ನೂ ಹಿಂದಕ್ಕೆ ಓಡುತ್ತಲೇ ಇರುತ್ತದೆ. ಇನ್ನೂ ಕೆಟ್ಟದ್ದು, ತಲೆಯನ್ನು ಓಟಗಾರನ ಮುಂದೆ ಇಡುವುದು. ಸೊಂಟವೋ ಮಂಡಿಯೋ ನೇರ ತಲೆಗೆ ಬಡಿಯುತ್ತದೆ. ಕನ್ಕಷನ್ (ಪೆಟ್ಟಿನಿಂದ ಮೆದುಳಿಗಾಗುವ ಆಘಾತ) ಎಂದು ಖಚಿತವಾದರೆ ಸಾಮಾನ್ಯವಾಗಿ ಕನಿಷ್ಠ 11 ದಿನ ಹೊರಗೆ.

ಪಂದ್ಯವೊಂದಕ್ಕೆ ಆಟಗಾರರ ಬದಲಾವಣೆ ಎಂಟೇ. 12ನೇ ನಿಮಿಷಕ್ಕೆ ಸುಸ್ತಾಗುವ ಪ್ರಾಪ್‌ಗೆ ಅದರಲ್ಲಿ ಒಂದನ್ನು ಖರ್ಚು ಮಾಡಲು ಯಾವ ಕೋಚ್‌ಗೂ ಮನಸ್ಸಾಗುವುದಿಲ್ಲ.

ಮೈದಾನದ ಅಂಚಿನಲ್ಲಿ ಓಡುವ ವಿಂಗರ್‌ನಂಥ ಆಟಗಾರರಿಗೆ ಬಾಗಿಲು ಬೇಗ ತೆರೆಯುತ್ತದೆ. ಇಸ್ರೇಲ್ ಫೊಲಾವ್ 2007ರಲ್ಲಿ 17ಕ್ಕೇ ಮೆಲ್ಬರ್ನ್ ಸ್ಟಾರ್ಮ್‌ಗೆ ಆಡಿ ಮೊದಲ ಋತುವಿನಲ್ಲೇ 21 ಟ್ರೈ (ಎದುರಾಳಿಯ ಗೋಲು ಗೆರೆಯಾಚೆ ಚೆಂಡು ನೆಲಕ್ಕೆ ಮುಟ್ಟಿಸುವುದು) ಗಳಿಸಿದ. ಜೋಸೆಫ್ ಸುವಾಲಿಈಯನ್ನು 18 ತುಂಬುವ ಮೊದಲೇ, 2021ರ ಮೇ ತಿಂಗಳಲ್ಲಿ, ವಿಶೇಷ ಅನುಮತಿ ಪಡೆದು ಸಿಡ್ನಿ ರೂಸ್ಟರ್ಸ್ ಕಣಕ್ಕಿಳಿಸಿತು. ಕೆಲವೇ ಪಂದ್ಯಗಳ ನಂತರ ಪಾದದ ಗಾಯದಿಂದ ಅವನ ಆ ಋತು ಮುಗಿಯಿತು. ವಿಂಗರ್ ಆದರೂ ಸುಲಭವಲ್ಲ, ಮೇಲಿಂದ ಬೀಳುವ ಬಾಂಬ್ (ಎತ್ತರಕ್ಕೆ ಒದ್ದ ಚೆಂಡು) ಹಿಡಿಯಬೇಕು, ಒಳಗೆ ನುಗ್ಗಬೇಕೋ ಅಂಚಿನಲ್ಲೇ ನಿಲ್ಲಬೇಕೋ ಅರೆಕ್ಷಣದಲ್ಲಿ ತೀರ್ಮಾನಿಸಬೇಕು. ಆದರೆ ಅವನು ಮೈದಾನದ ಮಧ್ಯದ ಗುದ್ದಾಟದಲ್ಲಿ ಇರುವುದಿಲ್ಲ. ಪ್ರಾಪ್‌ಗಳಲ್ಲಿ 2018ರಲ್ಲಿ 18ಕ್ಕೇ ಬ್ರಿಸ್ಬೇನ್ ಬ್ರಾಂಕೋಸ್‌ಗೆ ಆಡಿದ ಪೇನ್ ಹಾಸ್‌ನಂಥವರು ಅಪರೂಪ. ಅವನನ್ನು ಅಳತೆಗೋಲು ಮಾಡಿಕೊಳ್ಳಬೇಡಿ.

ನೀವು ಕೇಳಿದ ಹುಡುಗನ ಎನ್‌ಎಸ್‌ಡಬ್ಲ್ಯು ಕಪ್ ಪಂದ್ಯ ನೋಡುವಾಗ ಟ್ರೈ ಎಣಿಸಬೇಡಿ. ಒಂದೇ ಸಲಕ್ಕೆ ಎಷ್ಟು ನಿಮಿಷ ಉಳಿಯುತ್ತಾನೆ, 15ನೇ ನಿಮಿಷದ ನಂತರ ಟ್ಯಾಕಲ್ ಮುಗಿಸಿ ಎಷ್ಟು ಬೇಗ ಸಾಲಿಗೆ ಮರಳುತ್ತಾನೆ, ತಮ್ಮದೇ ಗೋಲಿನ ಹತ್ತಿರ ಚೆಂಡು ಕೈಬಿಡುತ್ತಾನೋ ನೋಡಿ. ಒಮ್ಮೆ ಹೊರಗೆ ಕರೆದ ಮೇಲೆ ಅದೇ ಪಂದ್ಯದಲ್ಲಿ ಮತ್ತೆ ಮೈದಾನಕ್ಕೆ ಕಳಿಸುತ್ತಿದ್ದಾರೆ ಎಂದರೆ ಸರಿಯಾದ ದಾರಿಯಲ್ಲಿದ್ದಾನೆ.

ಒಪ್ಪಂದದ ಕೊನೆಯ ದಿನಾಂಕವನ್ನೂ ಕೇಳಿಕೊಳ್ಳಿ. ಒಪ್ಪಂದ ಮುಗಿಯಲು ವರ್ಷ ಬಾಕಿಯಿರುವಾಗ, ನವೆಂಬರ್ 1ರಿಂದ ಬೇರೆ ಕ್ಲಬ್‌ಗಳೂ ಅವನ ಜೊತೆ ಮಾತಾಡಬಹುದು. ಆ ಹೊತ್ತಿಗೂ ಸ್ವಂತ ಕ್ಲಬ್ ವಿಸ್ತರಣೆಯ ಮಾತೆತ್ತದಿದ್ದರೆ ಏಜೆಂಟ್‌ಗೆ ಫೋನ್ ಮಾಡುವ ಸಮಯ ಬಂತು.